ದೊಡ್ಡ ಬಸವ ತಲೆಗೇರಿದ ಕಥೆ

ಬೆಂಗಳೂರಿನ ಚಳಿಯನ್ನು ನಂಬಿ ವ್ಯಾಪಾರಕ್ಕೆ ಇಳಿಯಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಇಲ್ಲಿ ದಾಖಲೆಯ ಚಳಿ ಬಿದ್ದದ್ದೇ 1884ರ ಜನವರಿಯಲ್ಲಿ, 7.8 ಡಿಗ್ರಿ. ಆದರೆ ನಮ್ಮೂರಿನವರು ಥರ್ಮಾಮೀಟರ್ ನೋಡಿ ಟೋಪಿ ಹಾಕುವವರಲ್ಲ. 16 ಡಿಗ್ರಿ ಆದರೆ ಸಾಕು, ಲಾಲ್‌ಬಾಗಿಗೆ ವಾಕಿಂಗ್ ಬರುವ ಹಿರಿಯರೆಲ್ಲ ಮಂಕಿ ಕ್ಯಾಪಿನೊಳಗಿಂದ ಕಣ್ಣು ಮೂಗು ಮಾತ್ರ ತೋರಿಸುತ್ತಾರೆ. ಅಷ್ಟೂ ಕ್ಯಾಪು ಕಂದು, ಬೂದು, ಇಲ್ಲಾ ಮಾಸಲು ನೀಲಿ. ಚಿತ್ರ ಬಿಡಿಸಿ ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಿಕೊಂಡು ಸುಮ್ನೆ ಇರಲಾಗಲಿಲ್ಲ. ನಮ್ಮೂರಿನ ಚಿತ್ರಗಳಿರುವ ಉಲ್ಲನ್ ಟೋಪಿ ಮಾಡಿಸಲು ಹೊರಟೆ. (ಟೋಪಿ ಹಾಕುವ ಜೋಕು ಬೇಡ. ಮನೆಯವರು ಎಲ್ಲಾ ಹೇಳಿ ಮುಗಿಸಿದ್ದಾರೆ.)

ಬಸವನಗುಡಿಯ ದೊಡ್ಡ ಬಸವ, ಕಡಲೆಕಾಯಿ, ಯಕ್ಷಗಾನದ ಮುಂಡಾಸು. ಮೂರೂ ಕಾಗದದ ಮೇಲೆ ಚೆನ್ನಾಗಿಯೇ ಬಂದವು. ಉಲ್ಲನ್ ಅಂದಮೇಲೆ ಪಂಜಾಬಿನ ಲುಧಿಯಾನಾ. ಫೋನಿನಲ್ಲಿ ಸಿಕ್ಕ ಕಾರ್ಖಾನೆಯ ಯಜಮಾನರು ಮುಂಡಾಸು ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಕಿತನೇ ಕಲರ್, ಮೇಡಂಜೀ?" ಕೆಂಪು, ಕಪ್ಪು, ಹಳದಿ, ಹಸಿರು, ಬಿಳಿ ಅಂದೆ. ಅವರು ನಕ್ಕರು. ಬಣ್ಣಬಣ್ಣದ ನೂಲಿನಲ್ಲೇ ಚಿತ್ರ ಮೂಡಿಸುವ ಜಕಾರ್ಡ್ ಹೆಣಿಗೆಯಲ್ಲಿ ಮುಂದೆ ಕಾಣಿಸದ ಬಣ್ಣದ ನೂಲು ಹಿಂಬದಿಯಲ್ಲಿ ಸಾಗುತ್ತಲೇ ಇರಬೇಕಂತೆ. ಒಂದೇ ಸಾಲಿನಲ್ಲಿ ಐದು ಬಣ್ಣ ಹಾಕಿದರೆ ಟೋಪಿ ಕಂಬಳಿಯಾಗುತ್ತದೆ. ಯಕ್ಷಗಾನಕ್ಕೆ ಅಲ್ಲಿಗೇ ಮಂಗಳ ಹಾಡಿದೆವು.

ಬಸವನ ಸ್ಯಾಂಪಲ್ ತಯಾರಾದಾಗ ಫೋಟೋ ಬಂತು. ಜೊತೆಗೊಂದು ಪ್ರಶ್ನೆ: "ಯೇ ಮಗರ್‌ಮಚ್ಛ್ ಹೈ ನಾ?"

ಮೊಸಳೆ! ಬಸವನಿಗೆ ಅಷ್ಟೆತ್ತರದ ಹಿಣಿಲು ಇಟ್ಟಿದ್ದೆ. ಅದು ಬೆನ್ನಿನ ಮೇಲಿನ ಸಣ್ಣ ಬೊಕ್ಕೆಯಾಗಿತ್ತು. ಟೋಪಿ ಕೈಗೆ ಬಂದಮೇಲೆ ನಮ್ಮ ಮನೆಯ ಯಜಮಾನರು ಹಾಕಿಕೊಂಡು ನೋಡಿದರು. ಟೋಪಿಯ ಸುತ್ತಳತೆ 45 ಸೆಂಟಿಮೀಟರ್, ಅವರ ತಲೆಯದು 58. ಹಿಗ್ಗಿದ ಬಸವ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮಲಗಿಬಿಟ್ಟ. ಕಡಲೆಕಾಯಿ ಟೋಪಿಯದು ಬೇರೆ ಪಾಡು. ಅಡ್ಡ ಮಲಗಿಸಿದ ಎರಡು ಬೀಜದ ಕಾಯಿ, ನಡುವೆ ಸಣ್ಣ ಸೊಂಟ. ನೋಡಿದವರೆಲ್ಲ "ಕನ್ನಡಕ ಚೆನ್ನಾಗಿದೆ" ಅಂದರು.

ಚಿಕ್ಕಮ್ಮ ಬಂದವರು ಪ್ರೀತಿಯಿಂದ ಟೋಪಿ ಹಾಕಿಕೊಂಡರು. ತೆಗೆಯಲು ಹೋದರೆ ಬರಲೇ ಇಲ್ಲ. ಒಳಗಿನ ಆ ಸಡಿಲ ನೂಲೆಲ್ಲ ಅವರ ಝುಮುಕಿಗೆ ಸುತ್ತಿಕೊಂಡಿತ್ತು. ನಾನು ಟೋಪಿ ಹಿಡಿದೆ, ಅಮ್ಮ ಝುಮುಕಿ ಹಿಡಿದರು, ಚಿಕ್ಕಮ್ಮ ಬಸವಣ್ಣನನ್ನೇ ಕೂಗಿದರು. ಕೊನೆಗೆ ಝುಮುಕಿಯ ತಿರುಪು ಬಿಚ್ಚಿದೆವು. ಆಮೇಲೆ ಅರ್ಧ ಗಂಟೆ ಟೋಪಿಯೇ ಓಲೆ ಹಾಕಿಕೊಂಡು ಮೇಜಿನ ಮೇಲೆ ಕೂತಿತ್ತು.

ಬಿಕ್ಕಟ್ಟು ಬಿಡಿಸಿದವರು ಧಾರವಾಡದ ನಮ್ಮತ್ತೆ. ಅವರದು ಕಸೂತಿಯ ಕೈ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕದೆ, ಎಳೆ ಎಣಿಸಿ ಗೋಪುರ, ತೇರು, ಆನೆ ತೆಗೆಯುವವರು. ಕನ್ನಡಕ ಏರಿಸಿಕೊಂಡು ಟೋಪಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ನೋಡವಾ, ಇದರ ಹೆಣಿಗಿ ಮನಿ ಚೌಕ ಇಲ್ಲ. ಎತ್ತರಕ್ಕಿಂತ ಅಗಲ ಜಾಸ್ತಿ ಐತಿ. ನೀ ಚೌಕದ ಹಾಳ್ಯಾಗ ಬರದರ ಬಸವಣ್ಣ ಚಪ್ಪಟಿ ಆಗದ ಏನಾಗ್ತಾನ?" ನಾನೂ ಲುಧಿಯಾನಾದವರೂ ತಿಂಗಳುಗಟ್ಟಲೆ ಫೋನಿನಲ್ಲಿ ಕಿತ್ತಾಡಿದ್ದ ವಿಷಯ, ಅವರಿಗೆ ಒಂದು ಲೋಟ ಚಹಾದ ಕೆಲಸ. ಟೋಪಿ ತಿರುವಿ ಒಳಗೆ ನೋಡಿದವರು ಮುಖ ಸಿಂಡರಿಸಿದರು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಿಂದೂ ಮುಂದೂ ಒಂದೇ ಥರ ಕಾಣಬೇಕು. "ಇದೇನಿದು, ಒಳಗ ಹುಲ್ಲು ಬೆಳದೈತಿ?"

ಮೂರು ಸಾಲಿಗೊಂದು ಸಾಲು ಹೆಚ್ಚಿಗೆ ಹಾಕಿ, ತಲೆ ಹಿಗ್ಗಿಸುವ ಲೆಕ್ಕಕ್ಕೆ ಇನ್ನಷ್ಟು ಉದ್ದ ಮಾಡಿ ಅತ್ತೆ ಹೊಸ ಬಸವನನ್ನು ಬರೆದುಕೊಟ್ಟರು. ಹಾಳೆಯಲ್ಲಿ ಅದು ಜಿರಾಫೆ. ತಲೆಗೇರಿದರೆ ಸಾಕ್ಷಾತ್ ದೊಡ್ಡ ಬಸವ. ಒಳಗೊಂದು ಮೆತ್ತನೆಯ ಅಸ್ತರು ಕೊಡಿಸಿದೆ, ಝುಮುಕಿಗಳ ಕ್ಷೇಮಕ್ಕಾಗಿ.

ಕಾರ್ತಿಕದ ಕೊನೇ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಹತ್ತಿರ ಗೆಳತಿಯ ಮನೆ ಗೇಟಿನ ಮುಂದೆ ಟೋಪಿ ಜೋಡಿಸಿಕೊಂಡು ಕೂತೆ. ಬಸವನ ಟೋಪಿಗೆ ಬಸವನಗುಡಿಗಿಂತ ಒಳ್ಳೆಯ ಜಾಗ ಬೇಕಾ? ಆದರೆ ಆ ಜನಜಂಗುಳಿಯಲ್ಲಿ ಎಲ್ಲರ ಮೈಯಿಂದಲೂ ಬೆವರು ಇಳಿಯುತ್ತಿತ್ತು. ಆದರೂ ನಿಂತು ನೋಡಿದರು. ಎಲ್ಲರದೂ ಒಂದೇ ಪ್ರಶ್ನೆ, "ಕಿವಿ ಮುಚ್ಚುತ್ತಾ?" ಮುಚ್ಚುತ್ತೆ ಅಂದೆ. ಕೆಲವರು ತೆಗೆದುಕೊಂಡರು ಕೂಡ. ಹುಡುಗರು ಹಾಕಿಕೊಂಡ ತಕ್ಷಣ ಸ್ಟೈಲಿಗೆ ಅಂಚನ್ನು ಮೇಲಕ್ಕೆ ಮಡಚಿದರು. ಸರಿಯಾಗಿ ಬಸವ ಕೂತಿದ್ದ ಜಾಗಕ್ಕೇ ಮಡಿಕೆ!

ಕತ್ತಲಾಗುವ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಟೋಪಿ ಎಳೆದು ನೋಡಿದರು, ಅಸ್ತರು ಮುಟ್ಟಿ ನೋಡಿದರು, ತುಂಬಾ ಚೆನ್ನಾಗಿದೆ ಕಣಮ್ಮ ಅಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಚಿತ್ರ ಇಲ್ದೆ ಇರೋದು ಇದ್ರೆ ಎರಡು ಕೊಡು. ಕಂದು ಬಣ್ಣದ್ದು."