ಚಳಿ ಆಗ್ತಿದೆ ಅಂತ ಹೇಳೋಕೆ ನಮಗೇಕೆ ಸಂಕೋಚ?

ಆಗಸ್ಟ್ ತಿಂಗಳ ಒಂದು ಭಾನುವಾರ ಜರ್ಮನಿಯ ದಕ್ಷಿಣ ಗಡಿಯ ಬೋಡನ್‌ಸೇ ಸರೋವರದಲ್ಲಿ ಡೈವಿಂಗ್‌ಗೆ ಇಳಿದಿದ್ದೆ. ಲೇಕ್ ಕಾನ್‌ಸ್ಟೆನ್ಸ್ ಅಂದರೆ ನಮ್ಮವರಿಗೆ ಬೇಗ ಗೊತ್ತಾಗುತ್ತದೆ. ಯೂಬರ್ಲಿಂಗನ್ ಊರಿನ ದಡದ ತುಂಬ ಮಕ್ಕಳು ಈಜುತ್ತಿದ್ದರು. ಮೇಲಿನ ನೀರು 23 ಡಿಗ್ರಿ, ಹಿತವಾಗಿತ್ತು. 14 ಮೀಟರ್ ಇಳಿಯುವಷ್ಟರಲ್ಲಿ ಮಣಿಕಟ್ಟಿನ ಕಂಪ್ಯೂಟರ್ 9 ತೋರಿಸುತ್ತಿತ್ತು. ನನ್ನ ಜೊತೆಗಾರರು, ಅರವತ್ತು ದಾಟಿದ ಜರ್ಮನ್, ನನ್ನ ಕೈಯನ್ನೇ ನೋಡಿದರು. ಆಮೇಲೆ ಹೆಬ್ಬೆರಳು ಎತ್ತಿದರು. ನೀರೊಳಗೆ ಆ ಸನ್ನೆಗೆ ಅರ್ಥ ಒಂದೇ: ಮೇಲಕ್ಕೆ ಹೋಗೋಣ. ನಾನು ಆರಾಮಾಗಿದ್ದೇನೆ ಅಂತ ಸನ್ನೆ ಮಾಡಿದೆ. ಅವರು ಮತ್ತೆ ಹೆಬ್ಬೆರಳು ಎತ್ತಿದರು. ಇಳಿದು ಹತ್ತು ನಿಮಿಷ ಆಗಿತ್ತು ಅಷ್ಟೆ.

ದಡಕ್ಕೆ ಬಂದ ಮೇಲೆ ಅವರು ಒಂದೇ ಮಾತು ಕೇಳಿದರು. "ಚಳಿ ಆಗ್ತಿದೆ ಅಂತ ಯಾಕೆ ಹೇಳಲಿಲ್ಲ?"

ನನಗೆ ಚುರುಕ್ ಅಂತು. ಎರಡು ಗಂಟೆ ಕಾರು ಓಡಿಸಿಕೊಂಡು ಸ್ಟುಟ್‌ಗಾರ್ಟ್‌ನಿಂದ ಬಂದಿದ್ದೆವು. ನನ್ನಿಂದ ಅವರ ದಿನವೂ ಹಾಳಾಯಿತಲ್ಲ ಅಂತ ಬೇಸರ. ಅವರಿಗೆ ಆ ಬೇಸರ ಒಂದಿಷ್ಟೂ ಇರಲಿಲ್ಲ. ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಕೊಟ್ಟರು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಇಲ್ಲಿ ಮೊದಲ ದಿನವೇ ಇದನ್ನು ಕಲಿಸುತ್ತಾರೆ. ಚಳಿಗೇ ಒಂದು ಸನ್ನೆ ಇದೆ: ಕೈ ಕಟ್ಟಿಕೊಂಡು ತೋಳು ಉಜ್ಜಿ ತೋರಿಸಬೇಕು. ನನಗೂ ಕಲಿಸಿದ್ದರು. ಆದರೂ ಆವತ್ತು ನನ್ನ ಕೈ ಏಳಲಿಲ್ಲ.

ಯಾಕೆ ಏಳಲಿಲ್ಲ ಅನ್ನೋದು ನನಗೆ ಗೊತ್ತು. ನಾನು ಈಜು ಕಲಿತದ್ದು ತಿಪಟೂರಿನ ಕಡೆ, ತೋಟದ ಬಾವಿಯಲ್ಲಿ. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ದೊಡ್ಡ ಹುಡುಗರು ನೂಕಿಬಿಡುತ್ತಿದ್ದರು. ನಡುಗಿದರೆ "ಏನ್ಲಾ, ಇಷ್ಟಕ್ಕೇ ನಡುಗ್ತೀಯ" ಅನ್ನುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಮಾಘಸ್ನಾನ, ತುಲಾಸ್ನಾನ, ಅಯ್ಯಪ್ಪ ಮಾಲೆ ಹಾಕಿದವರ ಬೆಳಗಿನ ತಣ್ಣೀರು, ಎಲ್ಲದರಲ್ಲೂ ಚಳಿ ತಡೆದುಕೊಂಡವನೇ ದೊಡ್ಡವನು. ತಡೆದುಕೊಳ್ಳೋದನ್ನು ನಮಗೆ ಚೆನ್ನಾಗಿ ಕಲಿಸಿದರು. ಸಾಕು ಅನ್ನೋದನ್ನು ಯಾರೂ ಕಲಿಸಲಿಲ್ಲ.

ಇಂಥ ಕೆರೆಯಲ್ಲಿ ಆ ಛಲ ಕೆಲಸಕ್ಕೆ ಬರೋದಿಲ್ಲ. ಬೋಡನ್‌ಸೇ 251 ಮೀಟರ್ ಆಳ ಇದೆ. ಬೇಸಿಗೆಯ ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ಬೆಚ್ಚಗಿನ ನೀರು ಹಗುರ, ಅದು ಮೇಲೇ ತೇಲುತ್ತದೆ. ನೀರು ತುಂಬಾ ಭಾರ ಇರುವುದು 4 ಡಿಗ್ರಿಯಲ್ಲಿ, ಹಾಗಾಗಿ ಆಳದಲ್ಲಿ ವರ್ಷಪೂರ್ತಿ ಅದರ ಆಸುಪಾಸಿನ ತಂಪು. ಸಿಪ್ಲಿಂಗನ್ ಹತ್ತಿರ 60 ಮೀಟರ್ ಆಳದಿಂದ ಕುಡಿಯುವ ನೀರು ಎತ್ತುತ್ತಾರೆ. ಸ್ಟುಟ್‌ಗಾರ್ಟ್‌ಗೂ ಆ ನೀರು ಬರುತ್ತದೆ. ಆಳದಲ್ಲಿ ಅದು ಬೇಸಿಗೆಯಲ್ಲೂ ಸುಮಾರು 5 ಡಿಗ್ರಿ.

ಮೇಲಿನ ಬೆಚ್ಚಗಿನ ನೀರು, ಕೆಳಗಿನ ತಣ್ಣೀರು ಸೇರುವ ಗಡಿಗೆ ಥರ್ಮೋಕ್ಲೈನ್ ಅನ್ನುತ್ತಾರೆ. ಅದು ಕಣ್ಣಿಗೂ ಕಾಣುತ್ತದೆ. ಪಾನಕಕ್ಕೆ ಹಾಕಿದ ಬೆಲ್ಲ ಕರಗುವಾಗ ಗೆರೆಗೆರೆಯಾಗಿ ತೇಲುತ್ತದಲ್ಲ, ಹಾಗೆ. ಮೇಲಿನ ಹಸಿರು ನೀರು ಕಳೆದು, ಕೆಳಗೆ ತಿಳಿನೀರಿನ ಕತ್ತಲೆ ಶುರುವಾಗುತ್ತದೆ. ಅಲ್ಲಿ ಕೈ ಚಾಚಿದರೆ ಬೆರಳು ಚಳಿಗಾಲದಲ್ಲಿ, ಮೊಣಕೈ ಬೇಸಿಗೆಯಲ್ಲಿ. ಆ ಜಾಗ ನನಗೆ ತುಂಬಾ ಇಷ್ಟ. ಒಂದು ನಿಮಿಷ ಅಲ್ಲೇ ನಿಂತು ಉಸಿರು ಸಮ ಮಾಡಿಕೊಂಡು ಆಮೇಲೆ ಕೆಳಗಿಳಿಯಬೇಕು. ಸರ‍್ರನೆ ಇಳಿದರೆ ಉಸಿರು ಮೇಲೆ ಕೆಳಗೆ ಆಗುತ್ತದೆ, ಗಾಳಿ ಬೇಗ ಖರ್ಚಾಗುತ್ತದೆ. ಬೆರಳು ಮರಗಟ್ಟಿದರೆ ಬಕಲ್ ಬಿಚ್ಚೋಕೂ ಆಗಲ್ಲ. ಸಿಲಿಂಡರಿನ ಒತ್ತಡದಿಂದ ಹೊರಗೆ ಬರುವ ಗಾಳಿ ಹಿಗ್ಗುವಾಗ ತಾನೇ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಒಳಗೆ ಮಂಜು ಕಟ್ಟಿ, ಗಾಳಿ ನಿಲ್ಲದೆ ಸುರಿಯಬಹುದು. ಅದಕ್ಕೇ ಇಲ್ಲಿನವರು ಒಂದೇ ಸಿಲಿಂಡರಿಗೆ ಎರಡು ವಾಲ್ವ್, ಎರಡು ರೆಗ್ಯುಲೇಟರ್ ಹಾಕುತ್ತಾರೆ.

ಇಷ್ಟು ತಯಾರಿ ಮಾಡಿಕೊಂಡವರೇ ಚಳಿ ಅಂದ ತಕ್ಷಣ ವಾಪಸ್ ಬರುತ್ತಾರೆ. ಯಾರೂ ಅದನ್ನು ಸೋಲು ಅನ್ನೋದಿಲ್ಲ. ನಮ್ಮೂರಲ್ಲಿ ಹೇಗೆ? ಕೆರೆ ಪಕ್ಕ ಒಂದು ಬೋರ್ಡು: ಈಜಬಾರದು, ಇಲ್ಲಿ ಇಷ್ಟು ಜನ ಸತ್ತಿದ್ದಾರೆ. ಅಮ್ಮ ಇಳೀಬೇಡ ಅಂತಾಳೆ, ಗೆಳೆಯರು ಧುಮುಕು ಅಂತಾರೆ. ಹೇಗೆ ಇಳಿಯಬೇಕು, ಯಾವಾಗ ಹತ್ತಬೇಕು ಅಂತ ಹೇಳುವವರು ಇಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಯಾವುದೋ ಕೃಷಿ ಹೊಂಡದಲ್ಲಿ ಮಕ್ಕಳು ಹೋದ ಸುದ್ದಿ ಓದುವಾಗ ನನಗೆ ಸಿಟ್ಟು ಬರುತ್ತದೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದ ಕನ್ನಡದ ಗೆಳೆಯರು ಇಲ್ಲಿಗೆ ಬಂದರೆ ಅದೇ ತೆಳು ಸೂಟು ಸಾಕು ಅಂದುಕೊಳ್ಳುತ್ತಾರೆ. ಅಲ್ಲಿ ನೀರು 28 ಡಿಗ್ರಿ ಸುಮಾರು, ಇಲ್ಲಿ ಸಾಲಲ್ಲ. 7 ಮಿಲಿಮೀಟರ್ ಸೂಟು, ತಲೆಗೆ ಹುಡ್, ದಪ್ಪ ಕೈಗವಸು ಬೇಕು. ಜಾಸ್ತಿ ಹೊತ್ತು ಇರುವುದಾದರೆ ಒಳಗೆ ನೀರು ಬಿಡದ ಡ್ರೈ ಸೂಟೇ ಸರಿ. ಇನ್ನೊಂದು ಮಾತು. ಹೊರಗೆ ಬಂದ ತಕ್ಷಣ ಸುಡುವ ನೀರು ಹೊಯ್ದುಕೊಳ್ಳಬಾರದು. ಮೈಯಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಬೇಕು, ಚರ್ಮ ಒಮ್ಮೆಲೇ ಕಾದರೆ ಅದು ಮೈಯೊಳಗೇ ಗಾಳಿಗುಳ್ಳೆ ಕಟ್ಟುವ ಅಪಾಯ. ಆವತ್ತು ನಡುಗುತ್ತಾ ಚಹಾ ಲೋಟ ಹಿಡಿದು ಕೂತಾಗ, ನಮ್ಮ ಬಚ್ಚಲಿನ ತಾಮ್ರದ ಹಂಡೆ, ತೆಂಗಿನ ಗರಿಯ ಹೊಗೆ ನೆನಪಾಗಿ ಗಂಟಲು ಕಟ್ಟಿತು.

ಆ ನೆನಪಿನ ಜೊತೆ ಅಜ್ಜನೂ ಬಂದರು. ಅವರ ವಿಷಯ ಹೇಳದೆ ಬಿಟ್ಟರೆ ನಾನು ಊರಿಗೆ ಅನ್ಯಾಯ ಮಾಡಿದ ಹಾಗೆ. ಹುಡುಗರು ನೂಕುತ್ತಿದ್ದದ್ದು ಅಜ್ಜ ಇಲ್ಲದಾಗ. ಅವರಿದ್ದರೆ ಮೊದಲು ಪಾದ ತೊಯಿಸಬೇಕು, ಆಮೇಲೆ ಮುಖ, ನೆತ್ತಿ, ಎದೆ, ಕೊನೆಗೆ ಇಳಿಯಬೇಕು. ತಣ್ಣೀರಿಗೆ ಒಮ್ಮೆಲೇ ಬಿದ್ದರೆ ಉಸಿರು ಕಟ್ಟುತ್ತದೆ, ಮೆಲ್ಲಗೆ ಒಗ್ಗಿಕೊಳ್ಳಿ ಅಂತ ಇಲ್ಲಿನವರು ಹೇಳುವುದೂ ಅದನ್ನೇ. ಬಾವಿಯ ತಳ ಐಸಿನ ಹಾಗೆ ಇರುತ್ತೆ ಅಂತ ಅಜ್ಜನಿಗೆ ಗೊತ್ತಿತ್ತು. ಬಿದ್ದ ಕೊಡ ಎತ್ತೋಕೆ ಪಾತಾಳಗರಡಿ ಇಳಿಬಿಡುತ್ತಿದ್ದರೇ ಹೊರತು ಹುಡುಗರನ್ನು ತಳಕ್ಕೆ ಬಿಡುತ್ತಿರಲಿಲ್ಲ.

ನಾವು ಆಡುವಷ್ಟು ಹೊತ್ತೂ ಅವರು ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದರು. ಬೇರೆ ಎಲ್ಲೂ ನೋಡುತ್ತಿರಲಿಲ್ಲ, ನಮ್ಮ ಮುಖವನ್ನೇ ನೋಡುತ್ತಿದ್ದರು. "ತುಟಿ ನೀಲಿ ಆಯ್ತು, ಹತ್ತು ಮೇಲೆ" ಅನ್ನುತ್ತಿದ್ದರು. ಇನ್ನೊಂದು ಸಲ ಅಂತ ಎಷ್ಟು ಗೋಗರೆದರೂ ಬಿಡುತ್ತಿರಲಿಲ್ಲ.