ಕೆಂಪು ಲೈಟು ಉರೀತಿಲ್ಲ ಸ್ವಾಮಿ

ಬೆಳಗ್ಗೆ ಆರು ಗಂಟೆಗೆ ಹಾಲು ತರಲು ಗೇಟು ತೆಗೆದೆ. ಕಾಂಪೌಂಡಿನ ಪಕ್ಕ ಮಂಕಿ ಟೋಪಿ ಹಾಕಿದ ಹಿರಿಯರೊಬ್ಬರು ನಿಂತಿದ್ದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಕೋಲು. ಕೊಕ್ಕೆಗೆ ನಮ್ಮ ದಾಸವಾಳದ ಕೊಂಬೆ ಸಿಕ್ಕಿಕೊಂಡಿತ್ತು. ನಾನು ಜೋರಾಗಿ ಕೆಮ್ಮಿದೆ. ಅವರು ಗಾಬರಿಯಾಗಲಿಲ್ಲ. ಹೂ ಕಿತ್ತು ಕವರಿಗೆ ಹಾಕಿಕೊಂಡು, ಸಜ್ಜಾದ ಕಡೆ ಬೊಟ್ಟು ಮಾಡಿ ಹೇಳಿದರು: "ಸ್ವಾಮಿ, ನಿಮ್ಮ ಕ್ಯಾಮೆರಾದ ಕೆಂಪು ಲೈಟು ಉರೀತಿಲ್ಲ. ಮೂರು ತಿಂಗಳಾಯ್ತು. ಬೇಗ ಸರಿ ಮಾಡಿಸಿ, ಕಾಲ ಚೆನ್ನಾಗಿಲ್ಲ."

ಆ ಕ್ಯಾಮೆರಾ ಹಾಕಿಸಿದ್ದೇ ಅವರಿಗಾಗಿ.

ಇಷ್ಟು ಕಾಳಜಿ ಇರುವವರನ್ನು ಹೇಗೆ ಬೈಯುವುದು? "ಆಗಲಿ, ನೋಡಿಸ್ತೀನಿ" ಎಂದು ಒಳಗೆ ಬಂದೆ. ಬಂದವನು ಮರೆತೂಬಿಟ್ಟೆ. ಮೈಸೂರಿನಲ್ಲಿ "ನೋಡಿಸ್ತೀನಿ" ಎನ್ನುವುದಕ್ಕೆ ವಾಯಿದೆ ಇರುವುದಿಲ್ಲ.

ಕುವೆಂಪುನಗರದ ನಮ್ಮ ಬೀದಿಯಲ್ಲಿ ಮೊದಲು ಗೇಟುಗಳ ಮೇಲೆ "ನಾಯಿ ಇದೆ, ಎಚ್ಚರಿಕೆ" ಎಂಬ ಬೋರ್ಡಿರುತ್ತಿತ್ತು. ನಾಯಿ ಇರುತ್ತಿರಲಿಲ್ಲ. ಈಗ "ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ" ಎಂಬ ಬೋರ್ಡು ಬಂದಿದೆ. ನಾಯಿಗಾದರೂ ಅನ್ನ ಹಾಕುವ ಖರ್ಚು ಉಳಿಯುತ್ತಿತ್ತು, ಇದಕ್ಕೆ ಕಂತು ಬೇರೆ ಕಟ್ಟಬೇಕು. ಮೂಲೆಯ ಖಾಲಿ ಸೈಟಿನಲ್ಲೂ ಒಂದು ಬೋರ್ಡಿದೆ: "ಕಸ ಹಾಕಬೇಡಿ, ಕ್ಯಾಮೆರಾ ಇದೆ." 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರಿನ ಕಸ ಆ ಬೋರ್ಡಿನ ಕಂಬಕ್ಕೇ ಒರಗಿಕೊಂಡಿರುತ್ತದೆ. ಹಾಕುವವರು ಬೋರ್ಡು ಓದಿಯೇ ಹಾಕುತ್ತಾರೆ. ಜಾಗದ ಗುರುತಿಗೆ ಸುಲಭ ಅಲ್ವಾ?

ವಾರ ಕಳೆಯುವಷ್ಟರಲ್ಲಿ ಪಕ್ಕದ ಕ್ರಾಸಿನಲ್ಲಿ ಒಂದು ಸ್ಕೂಟರ್ ಕಳುವಾಯಿತು. ಠಾಣೆಯಿಂದ ಒಬ್ಬ ಚಿಕ್ಕ ವಯಸ್ಸಿನ ಕಾನ್‌ಸ್ಟೆಬಲ್ ಪೆನ್ ಡ್ರೈವ್ ಹಿಡಿದು ಬಂದರು. ಹದಿನಾಲ್ಕು ಮನೆ, ಹನ್ನೊಂದು ಕ್ಯಾಮೆರಾ. ನಮ್ಮ ಬೀದಿ ನೋಡಿ ಅವರ ಮುಖ ಅರಳಿತು. ಮಧ್ಯಾಹ್ನ ಊಟದ ಹೊತ್ತಿಗೆ ಬಾಡಿತು.

ಮೊದಲ ಮನೆಯ ಯಜಮಾನರು ಹೆಮ್ಮೆಯಿಂದ ರೆಕಾರ್ಡಿಂಗ್ ಡಬ್ಬಿ ತೋರಿಸಿದರು. ಮೇಲೆ ಕ್ರೋಶಾ ಬಟ್ಟೆ ಹೊದೆಸಿ ಗಣಪತಿ ಇಟ್ಟಿದ್ದರು. ವೈರು ಮಾತ್ರ ಕಿತ್ತಿತ್ತು. "ಅದು ರಾತ್ರಿಯೆಲ್ಲಾ ಕುಂಯ್ ಕುಂಯ್ ಅಂತಿತ್ತು ಸಾರ್. ನಿದ್ದೆ ಹಾಳು. ಕಿತ್ತುಬಿಟ್ಟೆ" ಎಂದರು. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಆ ಡಬ್ಬಿ ಪಾಪ ಬಾಯಿಬಿಟ್ಟು ಹೇಳುತ್ತಿತ್ತು. ಹೇಳಿದ್ದಕ್ಕೆ ಅದರ ಉಸಿರೇ ನಿಲ್ಲಿಸಿದರು.

ಎದುರು ಮನೆಯದು ಓಡುತ್ತಿತ್ತು. ಟಿವಿಯಲ್ಲಿ ಬೀದಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಾನ್‌ಸ್ಟೆಬಲ್ ಮೂಲೆಯ ಅಂಕಿ ನೋಡಿ ತಲೆ ಕೆರೆದುಕೊಂಡರು. "ಸ್ಕೂಟರ್ ಹೋಗಿದ್ದು ಹೋದ ಸೋಮವಾರ ಸಾರ್. ನಿಮ್ಮದರಲ್ಲಿ 2000ನೇ ಇಸವಿ ಜನವರಿ ನಡೀತಾ ಇದೆ." ಒಳಗಿನ ಬಿಲ್ಲೆ ಸೆಲ್ಲು ಸತ್ತರೆ ಕರೆಂಟು ಹೋಗಿ ಬಂದಾಗೆಲ್ಲ ಡಬ್ಬಿಗೆ ಹಳೆಯ ಕಾಲ ನೆನಪಾಗುತ್ತದೆ. ಕಳ್ಳ ಅದರಲ್ಲಿ ಇದ್ದನೋ ಏನೋ. ಇದ್ದರೂ ಅವನು ಕದ್ದಿದ್ದು ಇನ್ನೂ ತಯಾರಾಗದ ಗಾಡಿ.

ಇನ್ನೊಂದು ಮನೆಯ ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಅಮೆರಿಕದಲ್ಲಿ, ಅಲ್ಲಿ ಈಗ ರಾತ್ರಿ. ಅದರ ಪಕ್ಕದವರದು ಕಂಪನಿ ಕೊಟ್ಟ ಪಾಸ್‌ವರ್ಡೇ, ಬದಲಾಯಿಸಿಯೇ ಇಲ್ಲ. ಅಂದರೆ ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು, ಮನೆಯವರಿಗೆ ಮಾತ್ರ ನೋಡಲು ಬರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ವೈರಸ್ ಇಂಥ ಪಾಸ್‌ವರ್ಡಿನ ಕ್ಯಾಮೆರಾಗಳನ್ನೇ ರಾಶಿರಾಶಿಯಾಗಿ ಹಿಡಿದುಕೊಂಡು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಮಲಗಿಸಿತ್ತು. ಗೇಟಿನ ಮುಂದಿನ ಕಳ್ಳನನ್ನು ಹಿಡಿಯದಿದ್ದರೂ ಪರದೇಶದಲ್ಲಿ ಕಳ್ಳರ ಜೊತೆ ಕೆಲಸಕ್ಕೆ ಸೇರಿಕೊಂಡವು.

ಕೊನೆಯ ಮನೆಯ ಕ್ಯಾಮೆರಾ ಮಾತ್ರ ಪಳಪಳ ಹೊಳೆಯುತ್ತಿತ್ತು. ಕೆಂಪು ಲೈಟು ಟುಕ್ ಟುಕ್ ಎಂದು ಮಿನುಗುತ್ತಿತ್ತು. ಕಾನ್‌ಸ್ಟೆಬಲ್ ಓಡಿದರು. ಆ ಮನೆಯ ಅಮ್ಮ ನಾಚಿಕೊಂಡು ಹೇಳಿದರು: "ಅದು ಡಮ್ಮಿ ಕಣಪ್ಪಾ. ದಸರಾ ಎಕ್ಸಿಬಿಷನ್ನಿಗೆ ಡೆಲ್ಲಿ ಹಪ್ಪಳ ತಿನ್ನೋಕೆ ಹೋಗಿದ್ದಾಗ ತಂದಿದ್ದು. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಆಯ್ತು." ಬೀದಿಯಲ್ಲಿ ಒಂದು ದಿನವೂ ಕೆಡದ ಕ್ಯಾಮೆರಾ ಅದೊಂದೇ. ಆ ಮನೆಯ ನಂದಬಟ್ಟಲು ಹೂವನ್ನು ಮಂಕಿ ಟೋಪಿಯವರು ಇವತ್ತಿಗೂ ಮುಟ್ಟಿಲ್ಲ.

ನನ್ನ ಸರದಿ ಬಂತು. ಮೊಬೈಲಿನಲ್ಲಿ ಆಪ್ ತೆಗೆದೆ. "ಡಿವೈಸ್ ಆಫ್‌ಲೈನ್" ಎಂದು ಬಂತು. ಕಾನ್‌ಸ್ಟೆಬಲ್ ಏನೂ ಹೇಳಲಿಲ್ಲ. ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು, ಒಂದು ಲೋಟ ನೀರು ಕೇಳಿದರು.

ನಮ್ಮ ಬೀದಿಯನ್ನಷ್ಟೇ ಆಡಿಕೊಳ್ಳಬೇಡಿ. ಜಾಸ್ತಿ ಜನ ಸೇರುವ ಕಡೆ ಕ್ಯಾಮೆರಾ ಇರಬೇಕು, 30 ದಿನದ ಚಿತ್ರ ಇಟ್ಟಿರಬೇಕು ಎಂದು 2017ರಲ್ಲೇ ನಮ್ಮ ರಾಜ್ಯ ಕಾಯ್ದೆ ಮಾಡಿದೆ. ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪತ್ರಿಕೆಯ ಸುದ್ದಿಯೊಂದನ್ನು ಓದಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳೇ ಇಲ್ಲ ಎಂದು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನಾಗಿಯೇ ಕೇಸು ಹಾಕಿಕೊಂಡಿತು. ನೋಡಿಸ್ತೀನಿ ಎಂದವರು ಅಲ್ಲೂ ಇದ್ದರು ಅಂತಾಯಿತು.

ಅಂತೂ ಮಾನ ಹೋದ ಮೇಲೆ ಏಣಿ ತೆಗೆದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್" ಎಂದರು. ಆಫ್ ಆಗಿರುವುದೇ ಸಮಸ್ಯೆ ಎಂದೆ. "ಹಾಗಾದರೆ ಆನ್ ಮಾತ್ರ ಮಾಡಿ" ಎಂದರು. ಅಡಾಪ್ಟರ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಗುಡುಗು ಮಳೆಯ ದಿನ ಕರೆಂಟು ಏರಿಳಿದಾಗ ಸುಟ್ಟಿರಬೇಕು. ಹೊಸ 12 ವೋಲ್ಟಿನದು ತಂದು ಹಾಕಿದೆ. ಕೆಂಪು ಲೈಟು ಬಂತು. ಮನೆಯಾಕೆ ಕಾಫಿ ಕೊಟ್ಟಳು. ಆಪ್ ಮಾತ್ರ ಆಫ್‌ಲೈನ್ ಎಂದೇ ಹಟ ಹಿಡಿಯಿತು.

ಯೋಚಿಸಿದೆ. ನಡುವೆ ನಾವು ಇಂಟರ್ನೆಟ್ ಕಂಪನಿ ಬದಲಾಯಿಸಿದ್ದೆವು. ಹೊಸ ರೂಟರು, ಹೊಸ ಪಾಸ್‌ವರ್ಡು. ಅದನ್ನು ಮಕ್ಕಳಿಗೆ ಹೇಳಿದ್ದೆವು, ನೆಂಟರಿಗೆ ಹೇಳಿದ್ದೆವು, ಮೇಲಿನ ಮನೆಯ ಬಾಡಿಗೆಯವರಿಗೂ ಹೇಳಿದ್ದೆವು. ಕ್ಯಾಮೆರಾಗೆ ಯಾರೂ ಹೇಳಿರಲಿಲ್ಲ. ಪಿನ್ನಿನಿಂದ ಹಿಂದಿನ ಸಣ್ಣ ತೂತನ್ನು ಒತ್ತಿ ಹಿಡಿದೆ. ಅದು ಇಂಗ್ಲಿಷಿನಲ್ಲಿ ಮಾತಾಡಿತು. ಮೊಬೈಲಿನ ಕ್ಯೂಆರ್ ಕೋಡನ್ನು ಅದರ ಕಣ್ಣಿಗೆ ಹಿಡಿಯಬೇಕಂತೆ. ಏಣಿಯ ಮೇಲೆ ಒಂಟಿ ಕಾಲಲ್ಲಿ ನಿಂತು ಕ್ಯಾಮೆರಾಗೆ ಮೊಬೈಲ್ ಬೆಳಗಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಯಾವುದೋ ಪೂಜೆ ಎಂದು ಸುಮ್ನೆ ಹೋದರು.

ಆದರೂ ಆಗಲಿಲ್ಲ. ಕೊನೆಗೆ ಅಂಗಡಿಯ ಹುಡುಗ ಬಂದ. "ಸಾರ್, ನೀವು 5 ಗಿಗಾಹರ್ಟ್ಸ್ ವೈಫೈ ಕೊಟ್ಟಿದ್ದೀರ. ಇದಕ್ಕೆ 2.4 ಮಾತ್ರ ಗೊತ್ತು. ಹಳೇ ಮಾಡೆಲ್ಲು" ಎಂದ. ಎರಡು ನಿಮಿಷದಲ್ಲಿ ಚಿತ್ರ ಬಂತು. ಬೂದು ಬಣ್ಣದ ಮಂಜು. ಜೇಡರ ಬಲೆ! ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಕಾವಲಿಗೆಂದು ಹಾಕಿಸಿದ್ದು ಜೇಡಕ್ಕೆ ಹೋಟೆಲ್ಲಾಗಿತ್ತು. ಒರೆಸಿದೆ. ಮೆಮೊರಿ ಕಾರ್ಡೂ ಸತ್ತಿತ್ತು. ನನ್ನ ಹಳೆಯ ಮೊಬೈಲಿನದೇ ಅದು. ಹಗಲೂ ರಾತ್ರಿ ಬರೆದು ಅಳಿಸಿ ಸವೆದುಹೋಗಿತ್ತು ಅಂದ. ಇದಕ್ಕೇ ಅಂತ ಬೇರೆ ಗಟ್ಟಿ ಕಾರ್ಡು ಬರುತ್ತದಂತೆ. ಅದೂ ತಂದೆವು.

ಸಂಜೆಯವರೆಗೆ ಚೆನ್ನಾಗಿ ಓಡಿತು. ಕತ್ತಲಾದ ಕೂಡಲೇ ಆರಿತು. ಬೆಳಗಾದ ಕೂಡಲೇ ಬಂತು. ಮಾರನೆಯ ದಿನವೂ ಹಾಗೆಯೇ. ಜಗತ್ತಿನಲ್ಲಿ ಹಗಲು ಎಚ್ಚರವಿದ್ದು ರಾತ್ರಿ ಮಲಗುವ ಕಾವಲುಗಾರ ಇದೊಂದೇ ಇರಬೇಕು. ಹುಡುಗ ಮತ್ತೆ ಬಂದ. ಕತ್ತಲಲ್ಲಿ ಇನ್‌ಫ್ರಾರೆಡ್ ಲೈಟುಗಳು ಉರಿದಾಗ ಜಾಸ್ತಿ ಕರೆಂಟು ಬೇಕು, ನಿಮ್ಮ ವೈರು ಕೂದಲೆಳೆಯಷ್ಟಿದೆ, ನಲವತ್ತಡಿ ಎಳೆದಿದ್ದೀರ, ದಾರಿಯಲ್ಲೇ ವೋಲ್ಟು ಕಮ್ಮಿಯಾಗುತ್ತದೆ ಎಂದ. ನನಗೆ ರೋಷ ಬಂತು. 1902ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಹತ್ತಿರ ಹತ್ತಿರ ನೂರೈವತ್ತು ಕಿಲೋಮೀಟರ್. ಕುದುರೆಗಾಡಿಯ ಕಾಲ. ಈಗ ನಡುಮನೆಯಿಂದ ಸಜ್ಜಾದವರೆಗೆ ನಲವತ್ತಡಿ ಹೋಗಲು ಅದಕ್ಕೆ ಸುಸ್ತೇ? "ಅವರು ದಪ್ಪ ವೈರು ಹಾಕಿದ್ರು ಸಾರ್" ಎಂದ ಹುಡುಗ.

ದಪ್ಪ ವೈರು ಹಾಕಿಸಿದೆ. ಈಗ ರಾತ್ರಿಯೂ ಉರಿಯುತ್ತದೆ. ಮೊದಲ ರಾತ್ರಿಯೇ ಮೊಬೈಲಿಗೆ ನಲವತ್ತಮೂರು ಸಲ ಗಂಟೆ ಬಂತು, "ಚಲನೆ ಕಂಡುಬಂದಿದೆ" ಎಂದು. ಒಂದೊಂದು ಸಲವೂ ಎದ್ದು ಕೂತು ನೋಡಿದೆ. ದಾಸವಾಳ! ಮೂರು ತಿಂಗಳಲ್ಲಿ ಕೊಂಬೆ ಬೆಳೆದು ಕ್ಯಾಮೆರಾದ ಮುಖಕ್ಕೇ ಬಂದು ನಿಂತಿದೆ. ಗಾಳಿ ಬೀಸಿದರೆ ಎಲೆ ಅಲ್ಲಾಡುತ್ತದೆ, ಗಂಟೆ ಹೊಡೆಯುತ್ತದೆ. ಗೇಟು ಕಾಣುವುದೇ ಇಲ್ಲ.

ಕೊಂಬೆ ಕಡಿಯಲು ಕತ್ತಿ ತಂದೆ. "ರೀ, ತುಂಬಾ ಮೊಗ್ಗಿದೆ, ಮುಟ್ಟಿದರೆ ನೋಡಿ" ಎಂದಳು ಮನೆಯಾಕೆ. ಮುಟ್ಟಲಿಲ್ಲ.

ಹಾಗಾಗಿ ಈಗ ಬೆಳಗಿನ ಐದೂ ಮುಕ್ಕಾಲರವರೆಗೆ ನಮ್ಮ ಕ್ಯಾಮೆರಾದಲ್ಲಿ ಬರೀ ದಾಸವಾಳ. ಆಮೇಲೆ ಒಂದು ಕೊಕ್ಕೆ ಕೋಲು ಬಂದು ಕೊಂಬೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಎರಡು ನಿಮಿಷ ಗೇಟು, ಬೀದಿ, ಎದುರು ಮನೆ ಎಲ್ಲಾ ನೀಟಾಗಿ ಕಾಣುತ್ತವೆ. ಮಂಕಿ ಟೋಪಿಯೊಂದು ಮೇಲೆ ನೋಡಿ, ಲೈಟು ಉರಿಯುತ್ತಿದೆಯಾ ಎಂದು ಖಾತ್ರಿ ಮಾಡಿಕೊಂಡು, ಸಮಾಧಾನದಿಂದ ತಲೆಯಾಡಿಸಿ, ಕೊಂಬೆ ಬಿಡುತ್ತದೆ.