ಮಾಜಾಳಿಯಲ್ಲಿ ಬಾಟಲಿ, ಮಾವನ ಜಗಲಿಯಲ್ಲಿ ಬೈಬಲ್

ಗೋವಾದಿಂದ ಬರುವ ಬಸ್ಸನ್ನು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಚೀಲ ತಡಕುತ್ತಾರೆ. ಸೀರೆಯ ಮಡಿಕೆಯೊಳಗೆ ಮಲಗಿದ ಬಾಟಲಿ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಸೀದಾ ಕಾರವಾರ ಸೇರುತ್ತದೆ. ಇನ್ನೊಂದು ಚೆಕ್‌ಪೋಸ್ಟ್ ಕ್ಯಾಥೋಲಿಕರಾದ ನಮ್ಮ ಮಾವನ ಜಗಲಿಯಲ್ಲಿದೆ. ಅಲ್ಲಿ ಬಾಟಲಿಗೆ ಅಡ್ಡಿಯಿಲ್ಲ, ಪುಸ್ತಕಕ್ಕೆ ತಪಾಸಣೆ.

ಹೋದ ತಿಂಗಳು ಶಿರಸಿಯ ಪ್ರೊಟೆಸ್ಟೆಂಟ್ ಗೆಳತಿಯೊಬ್ಬರು ಅತ್ತೆಗೆ ದಪ್ಪ ಅಕ್ಷರದ ಹಳೆಯ ‘ಸತ್ಯವೇದ’ವನ್ನು, ಅಂದರೆ ತಮ್ಮವರ ಕನ್ನಡ ಬೈಬಲನ್ನು ಕೊಟ್ಟರು. ಅತ್ತೆಗೆ ಕಣ್ಣು ಮಂಜು. ಮಾವ ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು, “ಬಿಷಪರ ಅನುಮತಿ ಎಲ್ಲಿ?” ಎಂದರು. ನಡುವಿನ ಪುಟಗಳಲ್ಲಿ ಏನಿದೆಯೆಂಬ ಕುತೂಹಲ ಅವರಿಗೆ ಹುಟ್ಟಲಿಲ್ಲ.

ಕೊನೆಗೆ ಸಿಕ್ಕಿದ್ದು ವ್ಯಾಕರಣದೋಷ. ಈ ಪುಸ್ತಕದಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ‘ಉಂಟುಮಾಡಿದನು’. ನಮ್ಮದರಲ್ಲಿ ದೇವರಿಗೆ ಗೌರವದ ಬಹುವಚನ. “ಪಂಚಾಯತಿ ಸದಸ್ಯ ಬಂದರೂ ಬಂದರು ಎನ್ನುತ್ತೇವೆ, ದೇವರಿಗೆ ಏಕವಚನವೇ?” ಪಕ್ಕದ ದೇವಸ್ಥಾನದ ಭಜನೆಯಲ್ಲಿ ದೇವರನ್ನು ಬಾರೋ ಎಂದು ಕರೆಯುತ್ತಾರೆ. ಆ ದೇವರು ಮುನಿಸಿಕೊಂಡ ಸುದ್ದಿ ಈವರೆಗೆ ಬಂದಿಲ್ಲ.

ಮಾವನಿಗೆ ಪ್ರೊಟೆಸ್ಟೆಂಟರ ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲ್ ಎಂದರೆ ಇನ್ನೂ ಉರಿ. 1546ರಲ್ಲಿ ಕ್ಯಾಥೋಲಿಕರ ಟ್ರೆಂಟ್ ಮಹಾಸಭೆಯು ಲ್ಯಾಟಿನ್ ಬೈಬಲನ್ನು ಅಧಿಕೃತವೆಂದು ಸಾರಿದ್ದು ನಿನ್ನೆ ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಓದಿದಂತೆ ಅವರಿಗೆ ನೆನಪಿದೆ. ರೋಮ್ ತಾನೇ 1965ರಲ್ಲಿ, ಬೇರ್ಪಟ್ಟ ಸಹೋದರರ, ಅಂದರೆ ಪ್ರೊಟೆಸ್ಟೆಂಟರಂಥವರ ಜೊತೆ ಕೂಡಿ ಅನುವಾದ ಮಾಡಿದರೂ ಸರಿ ಎಂದದ್ದು ಮಾತ್ರ ಮಾಜಾಳಿ ದಾಟಿ ಈಚೆ ಬಂದಿಲ್ಲ. ಹಿಸ್ಸೆಯಾದ ಅಣ್ಣತಮ್ಮಂದಿರು ಮತ್ತೆ ಮಾತಾಡತೊಡಗಿದರೂ ಅವರ ಪರವಾಗಿ ನಾವು ಬೇಲಿ ಕಾಯುವುದುಂಟಲ್ಲ, ಹಾಗೆ.

ಇಷ್ಟೆಲ್ಲ ಕಾವಲು ಕಾಯುವ ಮಾವ ರಾತ್ರಿ ಜಪಮಾಲೆ ಹಿಡಿದು ಇಂಗ್ಲಿಷಿನಲ್ಲಿಯೇ ಯೇಸು ಕಲಿಸಿದ ಪರಲೋಕ ಮಂತ್ರ ಹೇಳುತ್ತಾರೆ. ನಡುವೆ, ನಮ್ಮ ತಪ್ಪುಗಳನ್ನು ಕ್ಷಮಿಸು ಎನ್ನುವಲ್ಲಿ, ‘ಟ್ರೆಸ್‌ಪಾಸಸ್’ ಬರುತ್ತದೆ. ಅರಣ್ಯ ಅತಿಕ್ರಮಣದ ಜಿಲ್ಲೆಯವರಾದ ನಮಗೆ ಆ ಪದದ ಅರ್ಥ ಹೇಳಿಕೊಡಬೇಕಿಲ್ಲ. ಪ್ರಾರ್ಥನೆಯಲ್ಲಿ ಕ್ಷಮೆಯಾದರೂ ಸಿಗುತ್ತದೆ, ಕಚೇರಿಯಲ್ಲಿ ನೋಟಿಸು. ಮತ್ತಾಯನ ಸುವಾರ್ತೆಯ ಆ ಸಾಲಿಗೆ 1526ರಲ್ಲೇ ಈ ಪದವನ್ನು ಅಚ್ಚಿನಲ್ಲಿ ತಂದವರು ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದ ವಿಲಿಯಂ ಟಿಂಡೇಲ್. 1536ರಲ್ಲಿ ಬ್ರಸೆಲ್ಸ್ ಹತ್ತಿರ ಅವರನ್ನು ಧರ್ಮದ್ರೋಹಿಯೆಂದು ಕತ್ತು ಬಿಗಿದು ಸುಟ್ಟರು. 1582ರಲ್ಲಿ ಕ್ಯಾಥೋಲಿಕರೇ ರೀಮ್ಸ್‌ನಲ್ಲಿ ಹೊರತಂದ ಇಂಗ್ಲಿಷ್ ಹೊಸ ಒಡಂಬಡಿಕೆಯ ಅದೇ ಸಾಲಿನಲ್ಲಿ ಇರುವುದು ‘ಡೆಟ್ಸ್’, ಅಂದರೆ ಸಾಲ. ಅದರ ಮೇಲಿನ ಸಾಲಿನಲ್ಲಿ ದಿನದ ರೊಟ್ಟಿಗೆ ‘ಸೂಪರ್‌ಸಬ್‌ಸ್ಟಾನ್ಷಿಯಲ್’ ಎಂಬ ವಿಶೇಷಣ ಬೇರೆ. ಅದನ್ನು ಜಪಮಾಲೆಯ ವೇಗದಲ್ಲಿ ಹೇಳಲು ಹೋದರೆ ಮಾವನ ಹಲ್ಲಿನ ಸೆಟ್ಟು ಕೈಗೆ ಬರುತ್ತದೆ. ನಾಲಿಗೆ ಸುಲಭದ ದಾರಿ ಹಿಡಿದು ಸುಟ್ಟುಹೋದವರ ಪದವನ್ನೇ ಉಳಿಸಿಕೊಂಡಿದೆ. ಇದನ್ನು ನಾನು ಹೇಳಿದ ರಾತ್ರಿ ಮಾವ ಒಂದು ಮಣಿ ಹಾರಿಸಿದರು.

ಮರುದಿನ ಬ್ರಹ್ಮಾಸ್ತ್ರ ಹೊರಬಂತು. “ಅವರು ಏಳು ಪುಸ್ತಕ ಕಿತ್ತುಹಾಕಿದ್ದಾರೆ. ನಮ್ಮದು 73, ಅವರದು 66.”

ಲೆಕ್ಕ ಸರಿಯೇ. ಆದರೆ 1611ರ ಮೊದಲ ಕಿಂಗ್ ಜೇಮ್ಸ್ ಪ್ರತಿಯಲ್ಲಿ ಆ ಏಳೂ ಇದ್ದವು, ಎರಡು ಒಡಂಬಡಿಕೆಗಳ ನಡುವೆ, ಬೇರೆ ಚಾವಡಿಯಲ್ಲಿ ಕೂರಿಸಿದ ನೆಂಟರ ಹಾಗೆ.

“ಆ ಏಳು ಯಾವುವು ಮಾವ?”

“ತೋಬಿತ್... ಯೂದಿತ್... ಮಕ್ಕಬಿಯರು ಒಂದು, ಮಕ್ಕಬಿಯರು ಎರಡು...” ಎಂದು ಫ್ಯಾನ್ ನೋಡತೊಡಗಿದರು.

“ತೋಬಿತ್‌ನಲ್ಲಿ ಏನಿದೆ?”

ಫ್ಯಾನಿಗೂ ಗೊತ್ತಿರಲಿಲ್ಲ. ಬಂಗುಡೆಯಿಲ್ಲದೆ ಒಂದು ಹೊತ್ತು ಊಟಮಾಡದವರು ಬೈಬಲಿನ ಒಳ್ಳೆಯ ಮೀನಿನ ಕಥೆಯನ್ನೇ ಓದಿರಲಿಲ್ಲ. ತಿಗ್ರಿಸ್ ನದಿಯಿಂದ ದೊಡ್ಡ ಮೀನೊಂದು ಹುಡುಗನ ಮೇಲೆ ಜಿಗಿಯುತ್ತದೆ. ಜೊತೆಗಿದ್ದ ದೇವದೂತ ಅದನ್ನು ಹಿಡಿ, ಪಿತ್ತವನ್ನು ತೆಗೆದಿಡು ಎನ್ನುತ್ತಾನೆ. ನಮ್ಮ ಅಡುಗೆಮನೆಯಲ್ಲಾದರೆ ಪಿತ್ತ ಒಡೆಯಿತೆಂದರೆ ಅಂದಿನ ಸಾರು ಕಹಿ. ಅಲ್ಲಿ ಹುಡುಗ ಮನೆಗೆ ಮರಳಿ ಅದನ್ನೇ ಅಪ್ಪನ ಕಣ್ಣಿಗೆ ಹಚ್ಚುತ್ತಾನೆ. ಕುರುಡಾಗಿದ್ದ ಮುದುಕನಿಗೆ ಕಣ್ಣು ಬರುತ್ತದೆ.

ಒಳಗೆ ಮೀನು ಕೊಯ್ಯುತ್ತಿದ್ದ ಅತ್ತೆಯ ಕತ್ತಿ ನಿಂತಿತು. “ಕಣ್ಣು ಬರುತ್ತದೆಯೇ? ಆ ಕಥೆ ನನ್ನ ದಪ್ಪ ಅಕ್ಷರದ ಪುಸ್ತಕದಲ್ಲಿ ಉಂಟೋ?”

“ಇಲ್ಲ!” ಮಾವ ಗೆದ್ದವರಂತೆ ಎದ್ದು ನಿಂತರು. “ಅದು ನಮ್ಮ ಬೈಬಲಿನಲ್ಲಿ ಮಾತ್ರ.”

“ಹಾಗಾದರೆ ತೆಗೆದು ಓದಿ ಹೇಳಿ.”

ನಮ್ಮ ಬೈಬಲ್ ಶೋಕೇಸಿನಲ್ಲಿದೆ. ಮಗಳ ಮದುವೆಗೆ ಬಂದ ಉಡುಗೊರೆ. ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ, ಪಕ್ಕದಲ್ಲಿ ಗೋವಾದ ಎರಡು ಬಾಟಲಿಗಳು. ಮಾವ ಗಾಜನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ಮೆಲ್ಲಗೆ ಅತ್ತೆಯ ಕಡೆ ತಿರುಗಿ, ಇದರ ಕೀಲಿ ಎಲ್ಲಿದೆ ಎಂದು ಕೇಳಿದರು.